ಅಮ್ಮನ ಜೊತೆ ಜಪಾನಿನ ಬಿಸಿನೀರ ಊರಲ್ಲಿ ಎರಡು ರಾತ್ರಿ: ಒಕುಹಿದಾ ನೋಡಿದವರು ದಯವಿಟ್ಟು ಹೇಳಿ

ಸಾಗರದವಳು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಟೋಕಿಯೋದಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷ ಆಯ್ತು. ಅಮ್ಮನನ್ನು ಕರ್ಕೊಂಡು ಬಾ ಅಂತ ಹೇಳುತ್ತಲೇ ಇದ್ದ. ಈ ಸಲ ಅಕ್ಟೋಬರ್ ಮೂರನೇ ವಾರ ಹೊರಟಿದ್ದೇವೆ.

ಅಮ್ಮನಿಗೆ 67. ಊರು ಬಿಟ್ಟು ದೂರ ಹೋದದ್ದು ಕಡಿಮೆ. ಒಮ್ಮೆ ಕಾಶಿ, ಒಮ್ಮೆ ಬದರಿ. ಬದರಿಯ ತಪ್ತಕುಂಡದಲ್ಲಿ ಮಿಂದದ್ದನ್ನು ಇವತ್ತಿಗೂ ಹೇಳುತ್ತಾಳೆ. "ಎದುರಿಗೆ ಹಿಮದ ಬೆಟ್ಟ, ನೀರು ಮಾತ್ರ ನಮ್ಮನೆ ಹಂಡೆ ನೀರಿನ ಹಾಗೇ" ಅಂತ. ಅದನ್ನು ಕೇಳಿ ಕೇಳಿಯೇ ನನಗೆ ಈ ಆಸೆ ಹುಟ್ಟಿದ್ದು. ಬೆಟ್ಟ ಕಾಣುವ ಹಳೇ ಕಾಲದ ಬಿಸಿನೀರ ವಸತಿಮನೆ, ರ್ಯೋಕಾನ್ ಅಂತಾರಲ್ಲ, ಅಲ್ಲಿ ಅಮ್ಮನನ್ನು ಉಳಿಸಬೇಕು. ತಮ್ಮ ಒಕುಹಿದಾ ಅನ್ನುವ ಜಾಗ ಹೇಳಿದ. ಅವನೂ ನೋಡಿಲ್ಲ.

ನನ್ನ ಚಿಂತೆ ಮೂರು. ಅಮ್ಮ ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಮಂಡಿ ನೋವಿದೆ, ನೆಲದ ಮೇಲೆ ಕೂತರೆ ಏಳುವುದು ಕಷ್ಟ. ಮೂರನೆಯದು, ಅಲ್ಲಿ ಎಲ್ಲರೂ ಬಟ್ಟೆ ಇಲ್ಲದೆ ಒಟ್ಟಿಗೆ ಸ್ನಾನ ಮಾಡ್ತಾರಂತೆ. ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ಒಬ್ಬರಿಗೆ ರಾತ್ರಿಗೆ 20 ಸಾವಿರ ಯೆನ್ ಹತ್ತಿರ ಕೇಳುತ್ತಿದ್ದಾರೆ. ಅಷ್ಟು ಕೊಟ್ಟು ಹೋಗಿ ಅಮ್ಮನಿಗೆ ಮುಜುಗರ ಆದರೆ ನನಗೆ ತುಂಬಾ ಬೇಜಾರಾಗುತ್ತೆ.

ನಗೋಯಾ ನಿವಾಸಿ

ಅಕ್ಕ, ನಾನು ನಗೋಯಾಗೆ ಬಂದು ಹನ್ನೊಂದು ವರ್ಷ. ಒಕುಹಿದಾಗೆ ಆರೇಳು ಸಲ ಹೋಗಿದ್ದೇನೆ. ಎರಡು ಸಲ ಅಪ್ಪ ಅಮ್ಮನ ಜೊತೆ. ನಿಮ್ಮ ತಮ್ಮ ಒಳ್ಳೆ ಜಾಗ ಹೇಳಿದ್ದಾರೆ.

ಒಕುಹಿದಾ ಅಂದರೆ ಒಂದೇ ಊರಲ್ಲ. ಗಿಫು ಪ್ರಾಂತ್ಯದ ತಕಾಯಾಮಾ ನಗರಕ್ಕೆ ಸೇರಿದ ಕಣಿವೆ. ಅದರಲ್ಲಿ ಐದು ಬಿಸಿನೀರ ಹಳ್ಳಿಗಳು: ಹಿರಾಯು, ಫುಕುಜಿ, ಶಿನ್‌ಹಿರಾಯು, ತೊಚಿಯೊ, ಶಿನ್‌ಹೊತಾಕಾ. ಹಿರಾಯು ಎಲ್ಲಕ್ಕಿಂತ ಹಳೆಯದು. 1560ರ ದಶಕದಲ್ಲಿ ತಕೇದಾ ಶಿಂಗೆನ್ ಅನ್ನುವ ಸೇನಾಧಿಪತಿಯ ಸೈನಿಕರು ಈ ಬೆಟ್ಟ ದಾಟುವಾಗ ಸುಸ್ತಾಗಿ ಬಿದ್ದಿದ್ದರಂತೆ. ಆಗ ಒಂದು ಬಿಳಿ ಕೋತಿ ಬಿಸಿನೀರಲ್ಲಿ ಮೈ ನೆನೆಸುವುದು ಕಂಡಿತಂತೆ. ಊರಿನವರು ಇವತ್ತಿಗೂ ಈ ಕತೆ ಹೇಳುತ್ತಾರೆ. ಪಕ್ಕದಲ್ಲೇ ಯಾಕೆದಾಕೆ ಅನ್ನುವ ಜೀವಂತ ಜ್ವಾಲಾಮುಖಿ ಇದೆ, 2,455 ಮೀಟರ್. ಇಲ್ಲಿ ನೀರು ಬಿಸಿಯಾಗಿ ಬರುವುದು ನೆಲದಡಿಯ ಆ ಕಾವಿನಿಂದ.

ಹೋಗುವುದು ಸುಲಭ. ಟೋಕಿಯೋದ ಶಿಂಜುಕುವಿನಿಂದ ಹಿರಾಯುಗೆ ನೇರ ಬಸ್ ಇದೆ, ನಾಲ್ಕೂವರೆ ಗಂಟೆ. ವಾಪಸ್ ಬರುವಾಗ ಬೇರೆ ದಾರಿ ಹಿಡಿಯಿರಿ. ಬಸ್ಸಲ್ಲಿ ತಕಾಯಾಮಾಗೆ ಇಳಿದರೆ ಅಲ್ಲಿಂದ ನಗೋಯಾಗೆ ಹಿದಾ ಅನ್ನುವ ರೈಲು, ಎರಡೂವರೆ ಗಂಟೆ, ದಾರಿಯುದ್ದಕ್ಕೂ ನದಿ. ದೊಡ್ಡ ಸೂಟ್‌ಕೇಸ್ ಹೊತ್ತುಕೊಂಡು ಹೋಗಬೇಡಿ. ತಕ್ಕ್ಯೂಬಿನ್ ಅಂತ ಸಾಮಾನು ಸಾಗಿಸುವ ಸೇವೆ ಇದೆ, ತಮ್ಮನ ಮನೆಯಿಂದ ಮುಂದಿನ ಹೋಟೆಲಿಗೆ ನೇರ ಕಳಿಸಿಬಿಡಿ. ನಿಮ್ಮ ಜೊತೆ ಎರಡು ದಿನದ ಬಟ್ಟೆಯ ಚೀಲ ಸಾಕು.

ಈಗ ಮುಖ್ಯ ಮಾತು. ರ್ಯೋಕಾನ್‌ಗೆ ಮಲಗುವ ರೂಮು ಅಂತ ಹೋಗಬೇಡಿ. ಬೆಳಗ್ಗೆಯಿಂದ ಊರೆಲ್ಲ ಸುತ್ತಿ ರಾತ್ರಿ ಎಂಟಕ್ಕೆ ಬಂದು ಬಿದ್ದುಕೊಳ್ಳುವುದಾದರೆ ಅಲ್ಲಿಗೆ ಹೋಗುವುದೇ ಬೇಡ. ರೂಮು ಮೂರು ಗಂಟೆಗೆ ಕೊಡ್ತಾರೆ. ಮೂರಕ್ಕೇ ಬಾಗಿಲಲ್ಲಿ ಇರಿ. ಟೀ ಕುಡಿಯಿರಿ, ಸ್ನಾನ ಮಾಡಿ, ಕಿಟಕಿ ಹತ್ತಿರ ಕೂರಿ. ಊಟ ಆರು ಅಥವಾ ಆರೂವರೆಗೆ, ಅದು ಗಡಿಯಾರದ ಪ್ರಕಾರ ನಡೆಯುತ್ತೆ. ತಡವಾದರೆ ಅಡುಗೆಯವರಿಗೆ ನಿಜವಾಗಿ ತೊಂದರೆ. ಆಮೇಲೆ ಇನ್ನೊಂದು ಸ್ನಾನ. ಬೆಳಗ್ಗೆ ತಿಂಡಿಗೆ ಮೊದಲು ಮತ್ತೊಂದು. ಹತ್ತು ಗಂಟೆಗೆ ಹೊರಡಬೇಕು. ನೀವು ಕೊಡುವ 20 ಸಾವಿರ ಯೆನ್ ಈ ಹತ್ತೊಂಬತ್ತು ಗಂಟೆಗೆ, ಎರಡು ಹೊತ್ತಿನ ಊಟ ಸೇರಿ. ಅದರ ಮೇಲೆ ಸ್ನಾನದ ತೆರಿಗೆ ಅಂತ ಒಬ್ಬರಿಗೆ 150 ಯೆನ್ ತಗೋತಾರೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಎರಡು ರಾತ್ರಿ ಒಂದೇ ಮನೆಯಲ್ಲಿ ಉಳಿಯಿರಿ. ಬೆಟ್ಟ ಯಾವಾಗ ಕಾಣಿಸುತ್ತೆ ಅಂತ ಯಾರೂ ಮಾತು ಕೊಡಕ್ಕಾಗಲ್ಲ.

ಮುಟ್ಟಾಳೆ ಪುತ್ತೂರು

ಬಿಸಿನೀರ ಬುಗ್ಗೆ ಅಂದ ಕೂಡಲೇ ನಮ್ಮ ಇರ್ದೆಯ ಬೆಂದ್ರು ತೀರ್ಥ ನೆನಪಾಯ್ತು ಮಾರಾಯ್ರೆ. ಪುತ್ತೂರು ತಾಲೂಕು, ಸೀರೆ ಹೊಳೆಯ ಬದಿ. ಸಣ್ಣವನಿದ್ದಾಗ ಅಜ್ಜಿ ಕೈಹಿಡಿದು ಕರಕೊಂಡು ಹೋಗುತ್ತಿದ್ದರು, ಚರ್ಮದ ತುರಿಕೆಗೆ ಒಳ್ಳೆಯದು ಅಂತ. ನೀರು ಉಗುರುಬೆಚ್ಚಗೆ ಇರುತ್ತಿತ್ತು. ಜಪಾನಿನವರು ಇಂಥ ನೀರನ್ನು ಹೇಗೆ ಕಾಪಾಡಿಕೊಂಡಿದ್ದಾರೆ ಅಂತ ತಿಳಿಯುವ ಆಸೆ ನನಗೆ.

ನಗೋಯಾ ನಿವಾಸಿ

@ಮುಟ್ಟಾಳೆ ಪುತ್ತೂರು, ಇದಕ್ಕೆ ಅಂತಲೇ ಕಾನೂನು ಇದೆ. 1948ರದ್ದು. ನೆಲದಿಂದ ಬರುವಾಗ 25 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಬಿಸಿ ಇರಬೇಕು, ಇಲ್ಲವೇ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಒಂದಾದರೂ ಸಾಕಷ್ಟು ಪ್ರಮಾಣದಲ್ಲಿ ಇರಬೇಕು. ಹಾಗಿದ್ದರೆ ಮಾತ್ರ ಒನ್ಸೆನ್ (ಬಿಸಿನೀರ ಬುಗ್ಗೆ) ಅನ್ನಬಹುದು. ಹೊಸದಾಗಿ ಕೊರೆಯಬೇಕಾದರೆ ಅನುಮತಿ ಬೇಕು. ನೀರಲ್ಲಿ ಏನೇನಿದೆ, ಯಾರು ಇಳಿಯಬಾರದು ಅಂತ ಸ್ನಾನದ ಮನೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದು ಹಾಕಲೇಬೇಕು. ನಮ್ಮ ಬೆಂದ್ರು ತೀರ್ಥಕ್ಕೂ ಅಂಥದ್ದೊಂದು ಫಲಕ ಬಂದರೆ ಎಷ್ಟು ಚೆನ್ನ ಅಲ್ವಾ.

ಕೊಡಚಾದ್ರಿ ಚಾರಣಿಗ

ಬೆಟ್ಟದ ವಿಚಾರಕ್ಕೆ ನಾನು ಬರೆಯುತ್ತೇನೆ. ಅದಕ್ಕೇ ಅಂತ ನಾನು ಅಲ್ಲಿಗೆ ಹೋದವನು.

ಶಿನ್‌ಹೊತಾಕಾ ಕಣಿವೆಯ ಎರಡೂ ಬದಿಗೆ ಬೆಟ್ಟ. ಪಶ್ಚಿಮಕ್ಕೆ ಕಾಸಾಗಾತಾಕೆ, 2,898 ಮೀಟರ್. ಕಾಸಾ ಅಂದರೆ ಅಲ್ಲಿನ ರೈತರು ಗದ್ದೆಯಲ್ಲಿ ಹಾಕುವ ಹುಲ್ಲಿನ ಟೋಪಿ. ಆಕಾರವೂ ಹಾಗೇ. ಪೂರ್ವಕ್ಕೆ ಹೊತಾಕಾ ಸಾಲು. ಅದರ ತುದಿ ಒಕುಹೊತಾಕಾ 3,190 ಮೀಟರ್, ಜಪಾನಿನಲ್ಲೇ ಮೂರನೇ ಎತ್ತರದ್ದು. ಉತ್ತರದ ಕಡೆ ಯಾರಿಗಾತಾಕೆ, 3,180. ಯಾರಿ ಅಂದರೆ ಈಟಿ. ಒಮ್ಮೆ ನೋಡಿದರೆ ಸಾಕು, ಆ ಮೊನೆ ಮರೆಯುವುದಿಲ್ಲ.

ನಿಮ್ಮ ಅಮ್ಮ ನಡೆಯಬೇಕಾಗಿಲ್ಲ. ರೋಪ್‌ವೇ ಇದೆ. 1970ರಿಂದ ನಡೆಯುತ್ತಿದೆ. ಎರಡು ಹಂತ, ಎರಡನೆಯದು ಎರಡಂತಸ್ತಿನ ತೊಟ್ಟಿಲು. 1,117 ಮೀಟರಿನಿಂದ ಹತ್ತಿಸಿ 2,156 ಮೀಟರಿಗೆ ಬಿಡುತ್ತದೆ. ಮೇಲೆ ಇಳಿದ ಕಟ್ಟಡದ ಮಾಳಿಗೆಯಿಂದಲೇ ಎಲ್ಲಾ ಕಾಣಿಸುತ್ತದೆ. ಕೆಳಗಿಗಿಂತ ಅಲ್ಲಿ ಚಳಿ ತುಂಬಾ ಜಾಸ್ತಿ. ಉಣ್ಣೆ ಟೋಪಿ, ಕೈಗವಸು ಇರಲಿ.

ರೂಮು ಕಾದಿರಿಸುವಾಗ ಒಂದು ವಿಷಯ ನೋಡಿ, ನಾನು ಇದರಲ್ಲಿ ಏಟು ತಿಂದಿದ್ದೇನೆ. ಪಟ್ಟಿಯಲ್ಲಿ "ಯಾಮಾಗಾವಾ" ಅಂತ ಇತ್ತು. ಬೆಟ್ಟದ ಕಡೆ ಅಂತ ಅರ್ಥ. ಖುಷಿಯಿಂದ ತೆಗೆದುಕೊಂಡೆ. ಹೋಗಿ ಕಿಟಕಿ ಪರದೆ ಸರಿಸಿದರೆ ಎದುರಿಗೆ ಎರಡು ಮಾರು ದೂರದಲ್ಲಿ ಮಣ್ಣಿನ ದರೆ, ಅದರ ಮೇಲೆ ದೇವದಾರು. ಆಕಾಶ ಕೂಡ ಕಾಣಲಿಲ್ಲ. ಇಂಥ ಊರುಗಳಲ್ಲಿ ಬೆಟ್ಟದ ಕಡೆ ಅಂದರೆ ಎಷ್ಟೋ ಸಲ ಮನೆ ಬೆನ್ನು ಕೊಟ್ಟಿರುವ ಗುಡ್ಡದ ಕಡೆ. ದೂರದ ಶಿಖರ ಕಾಣುವುದು ಹೊಳೆಯ ಕಡೆಯ ರೂಮಿನಿಂದ ಇರಬಹುದು. ಹಾಗಾಗಿ ಶಿಖರದ ಹೆಸರು ಹಿಡಿದೇ ಕೇಳಿ, ಈ ರೂಮಿನಿಂದ ಕಾಸಾಗಾತಾಕೆ ಕಾಣಿಸುತ್ತಾ ಅಂತ. ನಿಜ ಹೇಳುತ್ತಾರೆ.

ಬೆಂಗಳೂರು ಪ್ರವಾಸಿ

ಅಷ್ಟು ದೂರ ಯಾಕೆ? ಹಾಕೋನೆ ಟೋಕಿಯೋದಿಂದ ಒಂದೂವರೆ ಗಂಟೆ. ಫುಜಿ ಬೆಟ್ಟವೂ ಕಾಣುತ್ತೆ. ಅಥವಾ ತಕಾಯಾಮಾದಲ್ಲಿ ಸಾಧಾರಣ ಹೋಟೆಲಲ್ಲಿ ಉಳಿದು ಹಗಲು ಹೋಗಿ ಸ್ನಾನ ಮಾಡಿ ಬರಬಹುದು. ಹಗಲಿನ ಸ್ನಾನಕ್ಕೆ ಸಾವಿರ ಯೆನ್ ಒಳಗೇ ಆಗುತ್ತೆ. ಮೂವರಿಗೆ ಎರಡು ರಾತ್ರಿ ಅಂದರೆ 1,20,000 ಯೆನ್, ನಮ್ಮ ಲೆಕ್ಕದಲ್ಲಿ 70 ಸಾವಿರ ರೂಪಾಯಿ ಆಸುಪಾಸು. ಅದು ಸಣ್ಣ ದುಡ್ಡಲ್ಲ.

ನಗೋಯಾ ನಿವಾಸಿ

ಹಾಕೋನೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ವಾರಾಂತ್ಯದಲ್ಲಿ ಜನ ಜಾಸ್ತಿ. ಹಗಲಿನ ಸ್ನಾನ ಹುಡುಗರಿಗೆ ಸರಿ, ನಾನೂ ಹಾಗೇ ಶುರು ಮಾಡಿದ್ದು. ಆದರೆ ಅಮ್ಮಂದಿರಿಗೆ ಬಿಸಿನೀರಿಂದ ಎದ್ದ ಮೇಲೆ ಅಲ್ಲೇ ಮಲಗಬೇಕು. ಸ್ನಾನ ಮುಗಿಸಿ ಚಳಿಯಲ್ಲಿ ಬಸ್‌ಸ್ಟಾಪಲ್ಲಿ ನಿಲ್ಲಿಸಿದರೆ ಸ್ನಾನದ ಸುಖವೇ ಹೋಯ್ತು. ನಮ್ಮೂರಲ್ಲಿ ದೀಪಾವಳಿಗೆ ಎಣ್ಣೆ ಸ್ನಾನ ಮಾಡಿಸಿ ಕಂಬಳಿ ಹೊದ್ದಿಸಿ ಮಲಗಿಸ್ತಿದ್ದರಲ್ಲ, ಹಾಗೆ. ದುಡ್ಡು ಜಾಸ್ತಿ ಅನಿಸಿದರೆ ಮಿನ್ಶುಕು ನೋಡಿ, ಮನೆಯವರೇ ನಡೆಸುವ ಸಣ್ಣ ವಸತಿಗಳು. ನೀರು ಅದೇ. ವಾರದ ನಡುವಿನ ದಿನಗಳಲ್ಲಿ ದರವೂ ಇಳಿಯುತ್ತೆ.

ಸಾಗರದವಳು

ಎಷ್ಟೊಂದು ವಿಷಯ ಗೊತ್ತಾಯ್ತು, ಎಲ್ಲರಿಗೂ ಧನ್ಯವಾದ. ವಾರದ ನಡುವೆಯೇ ಹೋಗ್ತೀವಿ. ಊಟ ಮತ್ತೆ ಸ್ನಾನದ ಮುಜುಗರದ ಬಗ್ಗೆ ಹೆಂಗಸರು ಯಾರಾದರೂ ಹೇಳ್ತೀರಾ?

ತಿಳಿಸಾರು

ನಾನು ಹೇಳ್ತೀನಿ. ನಾನೂ ಮೊಟ್ಟೆ ಮೀನು ಮುಟ್ಟದವಳು. ಜಪಾನಿನಲ್ಲಿ ಐದು ವರ್ಷ ಇದ್ದೆ.

ಮೊದಲು ಊಟ. ಅಲ್ಲಿ ತೊಂದರೆ ಮಾಂಸದ್ದಲ್ಲ, ದಾಶಿಯದ್ದು. ದಾಶಿ ಅಂದರೆ ಎಲ್ಲ ಅಡುಗೆಗೂ ಬುಡದಲ್ಲಿ ಹಾಕುವ ತಿಳಿ ರಸ, ನಮ್ಮ ಸಾರಿಗೆ ಬೇಳೆಕಟ್ಟು ಇದ್ದ ಹಾಗೆ. ಸಾಮಾನ್ಯವಾಗಿ ಒಣಗಿಸಿ ಹೆರೆದ ಕತ್ಸುಒ ಮೀನಿನಿಂದ ಮಾಡುತ್ತಾರೆ. ಮಿಸೊ (ಹುದುಗಿಸಿದ ಸೋಯಾ ಕಾಳಿನ ಗಟ್ಟಿ ಗೊಜ್ಜು) ಸೂಪ್, ಬೇಯಿಸಿದ ತರಕಾರಿ, ಸೋಬಾ ಅನ್ನುವ ಶಾವಿಗೆಯ ರಸ, ಬಜ್ಜಿ ಅದ್ದುವ ರಸ, ಎಲ್ಲದರಲ್ಲೂ ಅದೇ. "ಸಸ್ಯಾಹಾರಿ" ಅಂತ ಮಾತ್ರ ಹೇಳಿದರೆ ಮೀನಿನ ತುಂಡು ತೆಗೆದು ಅದೇ ರಸದಲ್ಲಿ ತರಕಾರಿ ಬೇಯಿಸಿ ಕೊಡ್ತಾರೆ. ಮೋಸ ಅಲ್ಲ ಅದು. ಅವರ ಲೆಕ್ಕದಲ್ಲಿ ರಸ ಮೀನಲ್ಲ.

ಆದರೆ ಅವರಲ್ಲೇ ಶೋಜಿನ್ ರ್ಯೋರಿ ಅಂತ ಬೌದ್ಧ ಮಠಗಳ ಅಡುಗೆ ಇದೆ. ಕೊಂಬು ಅನ್ನುವ ಕಡಲ ಪಾಚಿ ಮತ್ತು ಒಣ ಶಿಟಾಕೆ ಅಣಬೆಯ ರಸದಲ್ಲಿ ಮಾಡೋದು. ಈರುಳ್ಳಿ ಬೆಳ್ಳುಳ್ಳಿ ಕೂಡ ಇರಲ್ಲ. ಅದರ ಹೆಸರು ಹೇಳಿದರೆ ಅಡುಗೆಯವರಿಗೆ ತಟ್ಟನೆ ಅರ್ಥ ಆಗುತ್ತೆ. ಬುಕ್ ಮಾಡುವ ಮೊದಲೇ ಬರೆದು ಕೇಳಿ. ಆಗಲ್ಲ ಅಂದರೆ ಬೇರೆ ಮನೆ ನೋಡಿ, ಒತ್ತಾಯ ಬೇಡ. ಹೋದ ಮೇಲೆ ಹೇಳಿದರೆ ಅವರ ಕೈಯಲ್ಲೂ ಏನೂ ಆಗಲ್ಲ, ಬೆಳಗ್ಗೆಯೇ ಎಲ್ಲ ತಯಾರಾಗಿರುತ್ತೆ.

ಈ ಸಾಲು ಬಾಯಿಪಾಠ ಮಾಡಿಕೊಳ್ಳಿ: "ನಿಕು ತೊ ಸಕಾನಾ ತೊ ತಮಾಗೊ ವಾ ತಬೆರಾರೆಮಾಸೆನ್. ಕತ್ಸುಒ ದಾಶಿ ಮೊ ದಮೆ ದೆಸ್. ಕೊಂಬು ದಾಶಿ ವಾ ದಾಯ್‌ಜೋಬು ದೆಸ್." ಮಾಂಸ, ಮೀನು, ಮೊಟ್ಟೆ ತಿನ್ನಲ್ಲ, ಮೀನಿನ ರಸವೂ ಬೇಡ, ಕೊಂಬು ರಸ ಆಗುತ್ತೆ ಅಂತ ಅರ್ಥ.

ಚಟ್ನಿಪುಡಿ, ಉಪ್ಪಿನಕಾಯಿ ಸಣ್ಣ ಡಬ್ಬಿಯಲ್ಲಿ ಇರಲಿ. ಹಸಿ ಕರಿಬೇವು, ಹಣ್ಣು ಮಾತ್ರ ತರಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದುಬಿಡುತ್ತಾರೆ.

ಇನ್ನು ಸ್ನಾನ. ಗಂಡಸರದು ಹೆಂಗಸರದು ಬೇರೆ ಬೇರೆ. ಬಾಗಿಲಿಗೆ ನೀಲಿ ಪರದೆ ಇದ್ದರೆ ಸಾಮಾನ್ಯವಾಗಿ ಗಂಡಸರದ್ದು, ಕೆಂಪು ಹೆಂಗಸರದ್ದು. ಎಷ್ಟೋ ಕಡೆ ರಾತ್ರಿ ಅದಲುಬದಲು ಮಾಡ್ತಾರೆ. ನಿನ್ನೆ ಹೋದ ಬಾಗಿಲು ಅಂತ ಬೆಳಗ್ಗೆ ಸುಮ್ನೆ ನುಗ್ಗಬೇಡಿ, ಪರದೆ ನೋಡಿ. ಒಕುಹಿದಾದಲ್ಲಿ ಗಂಡು ಹೆಣ್ಣು ಒಟ್ಟಿಗೆ ಇಳಿಯುವ ಹಳೇ ಬಯಲು ಕೊಳಗಳೂ ಕೆಲವಿವೆ. ಅದನ್ನು ಕೇಳಿಕೊಂಡು ಬಿಟ್ಟುಬಿಡಿ.

ನಿಮಗೆ ಬೇಕಾದದ್ದು ಕಾಶಿಕಿರಿ. ಮನೆಮಂದಿಗೆ ಮಾತ್ರ ಅಂತ ಬೀಗ ಹಾಕಿಕೊಳ್ಳುವ ಸ್ನಾನದ ಮನೆ. ಅಲ್ಲಿನ ಅನೇಕ ರ್ಯೋಕಾನ್‌ಗಳಲ್ಲಿ ಅದಕ್ಕೆ ಬೇರೆ ದುಡ್ಡಿಲ್ಲ. ಖಾಲಿ ಇದ್ದರೆ ಫಲಕ ತಿರುಗಿಸಿ ಒಳಗೆ ಹೋಗೋದು, ಮುಕ್ಕಾಲು ಗಂಟೆ ನಿಮ್ಮದೇ. ನೀವು ಅಮ್ಮ ಇಬ್ಬರೇ. ಅಮ್ಮನ ಬೆನ್ನು ಉಜ್ಜಿ ಎಷ್ಟು ವರ್ಷ ಆಯ್ತು ನೆನಪು ಮಾಡಿಕೊಳ್ಳಿ.

ಕೊಳಕ್ಕೆ ಇಳಿಯುವ ಮೊದಲು ಹೊರಗೆ ಸಣ್ಣ ಮಣೆಯ ಮೇಲೆ ಕೂತು ಸೋಪು ಹಾಕಿ ಪೂರ್ತಿ ತೊಳೆದುಕೊಳ್ಳಬೇಕು. ಕೊಳ ಮೈ ತೊಳೆಯಲಿಕ್ಕಲ್ಲ, ನೆನೆಯಲಿಕ್ಕೆ. ಕೂದಲು ಮೇಲಕ್ಕೆ ಕಟ್ಟಬೇಕು. ಕೈ ಟವೆಲ್ ನೀರಿಗೆ ಮುಳುಗಿಸಬಾರದು, ಮಡಚಿ ತಲೆ ಮೇಲೆ ಇಟ್ಟುಕೊಳ್ಳಿ. ಇಷ್ಟೇ.

ಯುಕಾತಾ ಅನ್ನುವ ಹತ್ತಿ ನಿಲುವಂಗಿ ಕೊಡ್ತಾರೆ. ಎಡಗಡೆಯ ಅಂಚು ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ. ಅಮ್ಮನಿಗೆ ಇದು ಹೇಳಿ, ಅವರು ಮರೆಯಲ್ಲ.

ಡಾಕ್ಟರಮ್ಮ ಧಾರವಾಡ

ನೋಡ್ರಿ, ಎಲ್ಲಾ ಛಲೋ ಹೇಳ್ಯಾರ. ವೈದ್ಯೆಯಾಗಿ ಸ್ವಲ್ಪ ಸೇರಿಸುತ್ತೇನೆ.

67 ವಯಸ್ಸು. ಬಿಪಿ ಮಾತ್ರೆ ತಗೋತಾರಾ? ಹೃದಯದ ತೊಂದರೆ ಇದೆಯಾ? ಇದ್ದರೆ ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ನೀರು 40ರಿಂದ 42 ಡಿಗ್ರಿ ಇರುತ್ತದೆ. ಬಟ್ಟೆ ತೆಗೆಯುವ ಕೋಣೆ ತಣ್ಣಗೆ, ನೀರು ಸುಡುಬಿಸಿ. ಆ ವ್ಯತ್ಯಾಸಕ್ಕೇ ವಯಸ್ಸಾದವರಿಗೆ ಬಿಪಿ ಏರುಪೇರಾಗುವುದು. ಹಾಗಾಗಿ ಮೊದಲು ಪಾದಕ್ಕೆ, ಆಮೇಲೆ ಮಂಡಿಗೆ, ಸೊಂಟಕ್ಕೆ, ಭುಜಕ್ಕೆ ಅಂತ ಚೊಂಬಿನಲ್ಲಿ ನೀರು ಹುಯ್ದುಕೊಂಡು ಮೈ ಒಗ್ಗಿಸಿಕೊಳ್ಳಬೇಕು. ಮೊದಲ ಸಲ ಐದು ನಿಮಿಷ ಸಾಕು. ಎದೆ ಮಟ್ಟಕ್ಕಿಂತ ಕೆಳಗೆ ನೀರಿರುವ ಹಾಗೆ ಕೂರಿಸಿ. ಏಳುವಾಗ ನಿಧಾನ, ಕೈ ಹಿಡೀರಿ. ತಲೆ ಸುತ್ತಿ ಬೀಳುವುದು ಆಗಲೇ. ಊಟ ಆದ ಕೂಡಲೇ ಬೇಡ. ಮುಂಚೆ ಒಂದು ಲೋಟ, ಆಮೇಲೆ ಒಂದು ಲೋಟ ನೀರು ಕುಡಿಸಿ.

ಮಂಡಿಗೆ ಬಿಸಿನೀರು ಹಿತ ಕೊಡುತ್ತದೆ. ನೋವು ವಾಸಿ ಮಾಡುತ್ತದೆ ಅಂತ ಮಾತ್ರ ನಾನು ಹೇಳುವುದಿಲ್ಲ.

ಗರ್ಭಿಣಿಯರು ಇಳಿಯಬಾರದು ಅಂತ ಕೆಲವು ಹಳೇ ಫಲಕಗಳಲ್ಲಿ ಇರುತ್ತದೆ. 2014ರಲ್ಲಿ ಜಪಾನ್ ಸರ್ಕಾರ ಆ ಸಾಲು ತೆಗೆದಿದೆ. ಆದರೂ ಜಾರುವ ನೆಲ, ಜೋಪಾನ.

ತಿಳಿಸಾರು

ಮರೆತಿದ್ದೆ. ಕಾಲುಂಗುರ! ಗಂಧಕದ ನೀರಿಗೆ ಬೆಳ್ಳಿ ಇಳಿಸಬಾರದು. ಕುಸಾತ್ಸು ಅಂತ ಇನ್ನೊಂದು ಹೆಸರಾದ ಬಿಸಿನೀರ ಊರಿದೆ, ನಿಮಿಷಕ್ಕೆ 32,000 ಲೀಟರಿಗೂ ಜಾಸ್ತಿ ನೀರು ತಾನಾಗಿ ಉಕ್ಕುತ್ತೆ, ನಿಂಬೆರಸದಷ್ಟು ಹುಳಿ. ಅಲ್ಲಿ ಸ್ನಾನ ಮಾಡಿ ಎದ್ದು ನೋಡಿದರೆ ನನ್ನ ಕಾಲುಂಗುರ ಕಾಡಿಗೆಯ ಹಾಗೆ ಕಪ್ಪು. ತುಂಬಾ ಗಾಬರಿ ಆಯ್ತು. ಅತ್ತೆಗೆ ಫೋನ್ ಮಾಡಿದೆ. ವಿಭೂತಿ ಹಚ್ಚಿ ಒಣ ಬಟ್ಟೆಯಲ್ಲಿ ಉಜ್ಜು ಅಂದರು. ಎರಡು ದಿನ ಉಜ್ಜಿದ ಮೇಲೆ ಬಿಳುಪಾಯ್ತು. ಒಕುಹಿದಾದಲ್ಲಿ ಮನೆಗೊಂದು ನೀರು, ಕೆಲವದರಲ್ಲಿ ಗಂಧಕ ಇದೆ, ಕೆಲವದರಲ್ಲಿ ಇಲ್ಲ. ಬಟ್ಟೆ ಬದಲಿಸುವ ಕೋಣೆಯ ಫಲಕ ತಮ್ಮನಿಂದ ಓದಿಸಿ.

ನಗೋಯಾ ನಿವಾಸಿ

ಮಂಡಿ ವಿಚಾರಕ್ಕೆ: "ವಾಯೋಶಿತ್ಸು" ಕೇಳಿ. ಚಾಪೆ ಹಾಸಿದ ಜಾಗವೂ ಇರುತ್ತೆ, ಮಂಚವೂ ಇರುತ್ತೆ. ಊಟಕ್ಕೆ ಕುರ್ಚಿ ಮೇಜು ಬೇಕು ಅಂತ ಬರೆಯಿರಿ. ಲಿಫ್ಟ್ ಇದೆಯಾ ಕೇಳಿ, ಹಳೇ ಮರದ ಮನೆಗಳಲ್ಲಿ ಇರಲ್ಲ. ಇಲ್ಲದಿದ್ದರೆ ಕೆಳಗಿನ ರೂಮು.

ಸಾಗರದವಳು

ಬುಕ್ ಆಯ್ತು! ಶಿನ್‌ಹೊತಾಕಾದಲ್ಲಿ, ಹೊಳೆ ಕಡೆ ರೂಮು, ಮಂಚ ಇದೆ. ಕಾಸಾಗಾತಾಕೆ ಕಾಣುತ್ತೆ ಅಂತ ಬರೆದಿದ್ದಾರೆ. ನಾಲ್ಕು ಮನೆಗೆ ಬರೆದಿದ್ದೆವು. ಎರಡು ಮನೆಯವರು ಊಟ ನಮ್ಮಿಂದ ಆಗಲ್ಲ ಅಂತ ಕ್ಷಮೆ ಕೇಳಿದರು. ಒಬ್ಬರು ಉತ್ತರ ಕೊಡಲಿಲ್ಲ. ನಾಲ್ಕನೆಯವರು ತಿರುಗಿ ಮೂರು ಪ್ರಶ್ನೆ ಕೇಳಿದರು: ಹಾಲು ಆಗುತ್ತಾ, ಅಣಬೆ ಆಗುತ್ತಾ, ಜೇನು ಆಗುತ್ತಾ. ಅಷ್ಟು ಕಾಳಜಿಯಿಂದ ಕೇಳಿದವರ ಮನೆಗೇ ಹೋಗೋಣ ಅಂದಳು ಅಮ್ಮ.

ಸಾಗರದವಳು

ಮೊನ್ನೆ ವಾಪಸ್ ಬಂದೆವು. ನೀವೆಲ್ಲ ಇಷ್ಟು ಹೇಳಿಕೊಟ್ಟಿದ್ದೀರಿ, ಹೇಗಾಯ್ತು ಅಂತ ಪೂರ್ತಿ ಬರೆಯಲೇಬೇಕು.

ಮೊದಲ ದಿನ ಬೆಟ್ಟ ಕಾಣಲಿಲ್ಲ. ಬಸ್ಸು ಹಿರಾಯು ಮುಟ್ಟುವಾಗಲೇ ಜಡಿಮಳೆ. ಶಿನ್‌ಹೊತಾಕಾದಲ್ಲಿ ಎದುರಿನ ಮರವೂ ಮಂಜಿನಲ್ಲಿ ಮುಳುಗಿತ್ತು. ನನಗೆ ಕಣ್ಣಲ್ಲಿ ನೀರೇ ಬಂತು. ಅಮ್ಮ ಮಾತ್ರ ಕಿಟಕಿ ಹತ್ತಿರದ ಕುರ್ಚಿಯಲ್ಲಿ ಕೂತು ಹೊಳೆ ಸದ್ದು ಕೇಳುತ್ತಾ "ಆಗುಂಬೆ ಹಾಗೇ ಇದೆ ನೋಡು" ಅಂದಳು. ಒಂದೇ ರಾತ್ರಿ ಉಳಿದಿದ್ದರೆ ಅಷ್ಟೇ ನೋಡಿ ಬರುತ್ತಿದ್ದೆವು. ಎರಡು ರಾತ್ರಿ ಅಂತ ಹೇಳಿದ ನಗೋಯಾ ಅಣ್ಣನಿಗೆ ಮೊದಲ ನಮಸ್ಕಾರ.

ಬಾಗಿಲಲ್ಲಿ ಚಪ್ಪಲಿ ಬಿಡುವುದು, ಚಾಪೆಯ ಮೇಲೆ ಸ್ಲಿಪ್ಪರ್ ಹಾಕದಿರುವುದು, ಪಾಯಿಖಾನೆಗೆ ಬೇರೆ ಸ್ಲಿಪ್ಪರ್, ಇದ್ಯಾವುದನ್ನೂ ಅಮ್ಮನಿಗೆ ಎರಡು ಸಲ ಹೇಳಬೇಕಾಗಲಿಲ್ಲ. ನಮ್ಮನೆ ಮಡಿಯ ಹಾಗೇ ಅಂದಳು. ನಾನು ಚೀಲ ತೆಗೆದು ಗೋಡೆಯ ಗೂಡಿನ ಹತ್ತಿರ ಇಡಹೋದೆ. ಅಲ್ಲಿ ಒಂದು ಚಿತ್ರಪಟ, ಅದರ ಕೆಳಗೆ ಒಂದೇ ಒಂದು ಹೂವು ಇತ್ತು. "ಅದು ದೇವರ ಗೂಡಿನ ಹಾಗೆ ಕಾಣುತ್ತೆ, ತೆಗಿ" ಅಂದಳು ಅಮ್ಮ. ತೊಕೊನೊಮಾ ಅಂತ ಅದರ ಹೆಸರು, ನಿಜಕ್ಕೂ ಅಲ್ಲಿ ಸಾಮಾನು ಇಡಬಾರದಂತೆ. ತಮ್ಮ ಆಮೇಲೆ ಹೇಳಿದ.

ಊಟ. ಹೋಬಾ ಅನ್ನುವ ಮರದ ದೊಡ್ಡ ಒಣ ಎಲೆ, ನಮ್ಮ ಮುತ್ತುಗದ ಎಲೆಯ ಎರಡರಷ್ಟು. ಅದನ್ನು ಅಂಗೈ ಅಗಲದ ಮಣ್ಣಿನ ಒಲೆ ಮೇಲೆ ಇಟ್ಟು, ಎಲೆ ಮೇಲೆ ಮಿಸೊ, ಅಣಬೆ, ಈರುಳ್ಳಿ ಸೊಪ್ಪಿನ ಹಾಗಿನ ಒಂದು ಸೊಪ್ಪು. ಕೆಳಗೆ ಸಣ್ಣ ಬೆಂಕಿ ಹಚ್ಚಿ ಹೋದರು. ಎಲೆಯ ಅಂಚು ಮೆಲ್ಲಗೆ ಸುರುಟಿತು, ಕಂದು ಬಣ್ಣಕ್ಕೆ ತಿರುಗಿತು, ಮಿಸೊ ಗುಳುಗುಳು ಅಂತ ಕುದಿಯಿತು. ಆ ವಾಸನೆ ಬಂದ ಕೂಡಲೇ ಅಮ್ಮ ಬಗ್ಗಿ ಮೂಸಿದಳು. "ಅರಿಶಿನ ಎಲೆ ಕಡುಬು ಬೇಯುವಾಗ ಹೀಗೇ ಬರೋದು" ಅಂದಳು. ಅದನ್ನು ಬಿಸಿ ಅನ್ನಕ್ಕೆ ಸವರಿಕೊಂಡು ಗೊಜ್ಜಿನ ಹಾಗೆ ಉಂಡಳು, ಎರಡು ಸಲ ಅನ್ನ ಹಾಕಿಸಿಕೊಂಡಳು. ಚಟ್ನಿಪುಡಿ ಡಬ್ಬಿ ತೆರೆಯಲೇ ಇಲ್ಲ. ಎಳ್ಳಿನ ತೋಫು, ಕಾಡಿನ ಸೊಪ್ಪು ಕುಡಿಗಳ ಪಲ್ಯ, ಉಪ್ಪು ಅದ್ದಿ ತಿನ್ನುವ ತರಕಾರಿ ಬಜ್ಜಿ, ಎಲ್ಲಾ ನಮಗೆ ಬೇರೆ ಮಾಡಿದ್ದರು.

ಒಂದು ತಪ್ಪಾಯ್ತು. ಮೊದಲ ರಾತ್ರಿ ಒಂದು ಬಟ್ಟಲಿನಲ್ಲಿ ಬೇಯಿಸಿದ ಮೂಲಂಗಿ ಬಂತು. ಕೈ ಹಾಕುವ ಮೊದಲೇ ಬಡಿಸುವ ಹೆಂಗಸು ಓಡಿ ಬಂದು ಬಟ್ಟಲು ತೆಗೆದುಕೊಂಡು ಮಂಡಿಯೂರಿ ಕ್ಷಮೆ ಕೇಳಿದರು. ಪಕ್ಕದ ಮೇಜಿನದ್ದಂತೆ, ಮೀನಿನ ರಸದ್ದು. ವಯಸ್ಸಿನಲ್ಲಿ ಅಮ್ಮನಷ್ಟೇ ಇರಬೇಕು ಅವರು. ಅಮ್ಮನಿಗೆ ಅವರು ಮಂಡಿಯೂರಿದ್ದು ನೋಡಲಾಗಲಿಲ್ಲ. ತೋಳು ಹಿಡಿದು ಎಬ್ಬಿಸಿದಳು. ಆಮೇಲೆ ಎರಡು ದಿನವೂ ಅವರು ಅಮ್ಮನನ್ನು "ಒಕಾಸಾನ್" ಅಂತಲೇ ಕರೆದರು. ತಾಯಿ ಅಂತ.

ಸ್ನಾನಕ್ಕೆ ಅಮ್ಮ ಮೊದಲ ದಿನ ಒಪ್ಪಲಿಲ್ಲ. ರೂಮಿನ ಬಚ್ಚಲಲ್ಲೇ ಮಾಡ್ತೀನಿ ಅಂದಳು. ನಾನು ಒತ್ತಾಯ ಮಾಡಲಿಲ್ಲ. ಎರಡನೇ ದಿನ ಬೆಳಗ್ಗೆ ಐದೂವರೆಗೆ ತಾನೇ ಎದ್ದು ನನ್ನ ಭುಜ ತಟ್ಟಿದಳು. "ಯಾರೂ ಎದ್ದಿಲ್ಲ, ಬಾ." ಕಾಶಿಕಿರಿ ಖಾಲಿ ಇತ್ತು. ಫಲಕ ತಿರುಗಿಸಿ ಚಿಲಕ ಹಾಕಿದೆವು. ನೀರಿನ ಫಲಕ ಹಿಂದಿನ ರಾತ್ರಿಯೇ ತಮ್ಮ ಓದಿ ಹೇಳಿದ್ದ, ಗಂಧಕ ಇಲ್ಲ ಅಂತ. ಹಾಗಾಗಿ ಕಾಲುಂಗುರ ಕಾಲಲ್ಲೇ ಉಳಿಯಿತು.

ಹೊರಗೆ ಕಲ್ಲಿನ ಕೊಳ. ಮರದ ದೋಣಿಯಿಂದ ನೀರು ಸದಾ ಬೀಳುತ್ತಾ ಅಂಚು ಮೀರಿ ಹರಿದು ಹೋಗುತ್ತಿತ್ತು. ಮೈಯೆಲ್ಲಾ ಆವಿ, ಮುಖಕ್ಕೆ ಮಾತ್ರ ಕೊರೆಯುವ ಗಾಳಿ. ಡಾಕ್ಟರಮ್ಮ ಹೇಳಿದ ಹಾಗೆ ಪಾದದಿಂದ ಶುರು ಮಾಡಿ ಚೊಂಬಲ್ಲಿ ಹುಯ್ದೆ. ಅಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಕೂತಳು. ಕಣ್ಣು ಮುಚ್ಚಿ "ಶಿವನೇ" ಅಂದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆರು ಗಂಟೆ ದಾಟಿರಬೇಕು. ರಾತ್ರಿ ಮಳೆ ನಿಂತು ಆಕಾಶ ತೊಳೆದ ಹಾಗಿತ್ತು. ನಾವಿದ್ದ ಕಣಿವೆ ಇನ್ನೂ ಕತ್ತಲು. ಎದುರಿಗೆ ತುಂಬಾ ಎತ್ತರದಲ್ಲಿ ಒಂದು ಗೆರೆಯಷ್ಟು ಕೆಂಪು ಹತ್ತಿತು. ನೋಡ್ತಾ ನೋಡ್ತಾ ಅದು ಕೆಳಗೆ ಇಳಿಯಿತು. ಕಾಸಾಗಾತಾಕೆ. ತುದಿಗೆ ಹೊಸ ಹಿಮ ಬಿದ್ದಿತ್ತು, ಅದರ ಕೆಳಗೆ ಬೋಳು ಬಂಡೆ, ಅದರ ಕೆಳಗೆ ಕೆಂಪು ಹಳದಿ ಕಾಡು. ಅಮ್ಮ ಕೈ ಮುಗಿದಳು. ಐದು ನಿಮಿಷ ಅಂತ ಹೇಳಿದ್ದಿರಿ ಡಾಕ್ಟರಮ್ಮ, ಹತ್ತಾಯ್ತು. ಹೊರಗೆ ಬಂದು ಕಲ್ಲಿನ ಮೇಲೆ ಟವೆಲ್ ಹೊದ್ದು ಕೂತು, ಮತ್ತೆ ಸ್ವಲ್ಪ ಹೊತ್ತು ಕಾಲು ಮಾತ್ರ ಇಳಿಬಿಟ್ಟಳು. ನಾನು ಬೆನ್ನು ಉಜ್ಜಿದೆ. ಎಡ ಭುಜದ ಹಿಂದೆ ಒಂದು ಸುಟ್ಟ ಕಲೆ ಇದೆ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಕೇಳಿದೆ. ನಾನು ಹುಟ್ಟುವ ಮೊದಲು, ಬಚ್ಚಲ ಒಲೆಯಿಂದ ಹಂಡೆ ಇಳಿಸುವಾಗ ಆದದ್ದಂತೆ. ಆ ಮನೆ, ಅಜ್ಜಿ, ಬಾಣಂತನಕ್ಕೆ ಮಾಡುತ್ತಿದ್ದ ನೀರು, ಎಲ್ಲಾ ಹೇಳಿದಳು. ಯಾರೋ ಬಾಗಿಲ ಹತ್ತಿರ ಬಂದು ಫಲಕ ನೋಡಿ ವಾಪಸ್ ಹೋದ ಸದ್ದು ಕೇಳಿಸಿದಾಗಲೇ ನಾವು ಎದ್ದದ್ದು.

ರೋಪ್‌ವೇಗೂ ಹೋದೆವು, ಯಾರಿಗಾತಾಕೆಯ ಮೊನೆ ಚೆನ್ನಾಗಿ ಕಂಡಿತು. ಆದರೆ ಹತ್ತು ನಿಮಿಷಕ್ಕೇ ಅಮ್ಮ "ಮನೆಗೆ ಹೋಗೋಣ, ಮೂರು ಗಂಟೆಗೆ ಇನ್ನೊಂದು ಸ್ನಾನ ಆಗಲಿ" ಅಂದಳು. ರ್ಯೋಕಾನನ್ನು ಮನೆ ಅಂದಳು.

ತಿಳಿಸಾರು

ಓದುತ್ತಾ ನನ್ನ ಅಮ್ಮ ನೆನಪಾದರು. ಆ ಹೋಬಾ ಎಲೆ ಒಣಗಿಸಿದ್ದು ತಕಾಯಾಮಾ ಬೆಳಗಿನ ಸಂತೆಯಲ್ಲಿ ಸಿಗುತ್ತೆ, ತಂದಿರಾ?

ಸಾಗರದವಳು

ಇಲ್ಲ, ಎಲೆ ವಿಮಾನದಲ್ಲಿ ತರಬಹುದೋ ಇಲ್ಲವೋ ಅಂತ ಹೆದರಿ ಬಿಟ್ಟುಬಂದೆ. ಒಂದು ಡಬ್ಬಿ ಮಿಸೊ ಮಾತ್ರ ತಂದಿದ್ದೇನೆ, ಮೀನಿಲ್ಲದ್ದು, ತಮ್ಮ ಓದಿ ನೋಡಿಯೇ ಕೊಂಡದ್ದು. ಅಮ್ಮ ನಿನ್ನೆ ಬಾಳೆಲೆ ಬಾಡಿಸಿ ಅದರ ಮೇಲೆ ಹಾಕಿ ಕೆಂಡದ ಮೇಲೆ ಇಟ್ಟಿದ್ದಳು. ಬಾಳೆಲೆ ಬೇಗ ಹರಿಯಿತು. ನಾಳೆ ಮುತ್ತುಗದ ಎಲೆ ಎರಡು ಪದರ ಹಾಕಿ ನೋಡ್ತಾಳಂತೆ.

ಮುಟ್ಟಾಳೆ ಪುತ್ತೂರು

ಹಲಸಿನ ಎಲೆ ಕೊಟ್ಟೆ ಕಟ್ಟಿ ನೋಡಲಿಕ್ಕೆ ಹೇಳಿ ಅಕ್ಕ. ಕೆಂಡದ ಬಿಸಿಗೆ ಸ್ವಲ್ಪ ಹೆಚ್ಚು ತಡೆಯುತ್ತದೆ.